ಫಾರ್ಮಸಿಸ್ಟ್ ನೋಂದಣಿ ಬಿಡುವುದು, ಮರಳಿ ಪಡೆಯುವುದು: ಕಲಬುರಗಿ, ಬೀದರ್, ಯಾದಗಿರಿಯವರಿಗೆ ಸಮಗ್ರ ಮಾರ್ಗದರ್ಶಿ

ಡಿ.ಫಾರ್ಮಾ ಮುಗಿಸಿ ನಾಲ್ಕಾರು ವರ್ಷ ಕೌಂಟರಿನಲ್ಲಿ ನಿಂತವರು ಆಮೇಲೆ ಬೇರೆ ದಾರಿ ಹಿಡಿಯುವುದು ನಮ್ಮ ಕಡೆ ತೀರ ಸಾಮಾನ್ಯ. ಒಬ್ಬರಿಗೆ ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಕೆಲಸ ಸಿಗುತ್ತದೆ, ಇನ್ನೊಬ್ಬರು ಮದುವೆಯಾಗಿ ಹೈದರಾಬಾದಿಗೆ ಹೋಗುತ್ತಾರೆ, ಮತ್ತೊಬ್ಬರು ಮೆಡಿಕಲ್ ರೆಪ್ ಆಗುತ್ತಾರೆ, ಕೆಲವರಿಗೆ ಮನೆಯಲ್ಲಿ ಹಿರಿಯರನ್ನೋ ಮಕ್ಕಳನ್ನೋ ನೋಡಿಕೊಳ್ಳುವುದೇ ಪೂರ್ತಿ ಕೆಲಸವಾಗುತ್ತದೆ. ಹೋಗುವ ಗಡಿಬಿಡಿಯಲ್ಲಿ ಕಾಗದಪತ್ರದ ಬಗ್ಗೆ ಯೋಚಿಸುವವರು ಕಡಿಮೆ. ಐದು, ಹತ್ತು ವರ್ಷದ ಮೇಲೆ ಮರಳಿ ಬರಬೇಕೆಂದಾಗ ನೋಡಿದರೆ ನವೀಕರಣ ತಪ್ಪಿರುತ್ತದೆ, ಮೂಲ ಸರ್ಟಿಫಿಕೇಟ್ ಹಳೆಯ ಅಂಗಡಿಯ ಗೋಡೆಯ ಮೇಲೇ ಇರುತ್ತದೆ, ಆ ಅಂಗಡಿಯ ಲೈಸನ್ಸಿನಲ್ಲಿ ಇನ್ನೂ ನಿಮ್ಮದೇ ಹೆಸರು ನಡೆಯುತ್ತಿರುತ್ತದೆ. ಮರಳಿ ಪಡೆಯುವಾಗಿನ ಕಷ್ಟದಲ್ಲಿ ಹೆಚ್ಚಿನ ಪಾಲು ಹುಟ್ಟುವುದು ಬಿಟ್ಟುಹೋದ ರೀತಿಯಿಂದಲೇ. ಅದಕ್ಕಾಗಿ ಇಲ್ಲಿ ಬಿಡುವ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎರಡು ಕಾಗದ, ಎರಡು ಕಚೇರಿ

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ನಿಮ್ಮ ಹೆಸರಿನಲ್ಲಿರುವುದು ಫಾರ್ಮಸಿಸ್ಟ್ ನೋಂದಣಿ. ಅದು 1948ರ ಫಾರ್ಮಸಿ ಕಾಯ್ದೆಯ ಕೆಳಗೆ ಬರುತ್ತದೆ. ಕೊಡುವವರು ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್, ಕಚೇರಿ ಬೆಂಗಳೂರಿನ ವಿಜಯನಗರದಲ್ಲಿ. ಅಂಗಡಿಗೆ ಇರುವುದು ಔಷಧ ಮಾರಾಟದ ಲೈಸನ್ಸ್, ಅಂದರೆ ಫಾರಂ 20 ಮತ್ತು 21. ಅದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಹಾಗೂ 1945ರ ನಿಯಮಗಳ ಕೆಳಗೆ ಬರುತ್ತದೆ. ನೋಡಿಕೊಳ್ಳುವವರು ನಿಮ್ಮ ವೃತ್ತದ ಸಹಾಯಕ ಔಷಧ ನಿಯಂತ್ರಕರು. ಮೊದಲನೆಯದು ನಿಮ್ಮೊಂದಿಗೆ ಊರೂರು ತಿರುಗುತ್ತದೆ, ಎರಡನೆಯದು ಆ ಅಂಗಡಿಯ ವಿಳಾಸಕ್ಕೆ ಕಟ್ಟಿಬಿದ್ದದ್ದು. ಅಂಗಡಿಯ ಲೈಸನ್ಸ್ ಅಮಾನತಾದರೆ ನಿಮ್ಮ ನೋಂದಣಿ ತಾನಾಗಿ ಹೋಗುವುದಿಲ್ಲ. ಹಾಗೆಯೇ, ನೀವು ಅಂಗಡಿಯ ಮಾಲೀಕರಿಗೆ ಕೆಲಸ ಬಿಟ್ಟೆ ಎಂದು ಹೇಳಿದ ಮಾತ್ರಕ್ಕೆ ಈ ಎರಡು ಕಚೇರಿಗಳಲ್ಲಿ ಒಂದಕ್ಕೂ ಸುದ್ದಿ ಮುಟ್ಟುವುದಿಲ್ಲ.

ನಿಜವಾಗಿಯೂ ಬಿಡಬೇಕೇ?

ವೃತ್ತಿ ನಿಲ್ಲಿಸುವುದಕ್ಕೂ ನೋಂದಣಿ ಬಿಡುವುದಕ್ಕೂ ವ್ಯತ್ಯಾಸವಿದೆ. ನೋಂದಣಿ ಇಟ್ಟುಕೊಂಡು ಮನೆಯಲ್ಲಿ ಕುಳಿತರೆ ಅಪರಾಧವಲ್ಲ. ಕೆಲವು ವರ್ಷದ ಬಿಡುವು ಮಾತ್ರ ಬೇಕಾಗಿದ್ದರೆ, ಹೆರಿಗೆಗೋ ಎಂ.ಫಾರ್ಮಾಕ್ಕೋ ಬೇರೆ ನೌಕರಿ ಹಿಡಿಸುತ್ತದೋ ಇಲ್ಲವೋ ಎಂದು ನೋಡುವುದಕ್ಕೋ, ನನ್ನ ಸಲಹೆ ಒಂದೇ: ಅಂಗಡಿಯಿಂದ ಪೂರ್ತಿ ಹೊರಬನ್ನಿ, ನೋಂದಣಿಯನ್ನು ಮಾತ್ರ ನವೀಕರಿಸುತ್ತಲೇ ಇರಿ. ಮರುಸೇರ್ಪಡೆಗೆ ಮಾಡಬೇಕಾದ ಓಡಾಟದ ಮುಂದೆ ನವೀಕರಣದ ಶುಲ್ಕ ಏನೂ ಅಲ್ಲ.

ಫಾರ್ಮಸಿ ಕಾಯ್ದೆ ಹೇಳುವುದು ಹೀಗೆ (ಇಲ್ಲಿಂದ ಮುಂದೆ ಬರುವ ಸೆಕ್ಷನ್‌ಗಳೆಲ್ಲ ಇದೇ ಕಾಯ್ದೆಯವು). ಸೆಕ್ಷನ್ 34ರ ಪ್ರಕಾರ ನವೀಕರಣ ಶುಲ್ಕವನ್ನು ಆಯಾ ವರ್ಷದ ಏಪ್ರಿಲ್ 1ಕ್ಕೆ ಮೊದಲು ಕಟ್ಟಬೇಕು. ಕಟ್ಟದಿದ್ದರೆ ರಿಜಿಸ್ಟ್ರಾರ್ ಹೆಸರನ್ನು ರಿಜಿಸ್ಟರಿನಿಂದ ತೆಗೆಯುತ್ತಾರೆ. ಹಾಗೆ ತೆಗೆದ ಹೆಸರನ್ನು ನಿಗದಿತ ಷರತ್ತುಗಳ ಮೇಲೆ ಮತ್ತೆ ಸೇರಿಸಲು ಅದೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಶುಲ್ಕ ಕಟ್ಟಿದ್ದಕ್ಕೆ ಸಿಗುವ ರಸೀದಿಯೇ ನವೀಕರಣದ ಪುರಾವೆ, ಅದನ್ನು ಸರ್ಟಿಫಿಕೇಟಿನಷ್ಟೇ ಜೋಪಾನವಾಗಿಡಿ. ಯಾವ ತಾರೀಖಿನವರೆಗೆ ಎಂದು ರಸೀದಿಯಲ್ಲಿ ಬರೆದದ್ದನ್ನು ಈಗಲೇ ತೆಗೆದು ಓದಿಕೊಳ್ಳಿ.

ಇದರ ಜೊತೆ ಇನ್ನೊಂದು ಸಂಗತಿ. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಪ್ರಕಾರ ಐದು ವರ್ಷದ ಅವಧಿಯಲ್ಲಿ ಕನಿಷ್ಠ ಎರಡು ರಿಫ್ರೆಶರ್ ಕೋರ್ಸಿಗೆ ಹಾಜರಾಗಬೇಕು, ಒಂದೊಂದೂ ಕನಿಷ್ಠ ಒಂದು ದಿನದ್ದು. ಬಿಡುವಿನಲ್ಲಿರುವವರು ಇದನ್ನೇ ಮರೆಯುತ್ತಾರೆ. ನಿಮ್ಮ ಹತ್ತಿರದ ಫಾರ್ಮಸಿ ಕಾಲೇಜಿನಲ್ಲೋ ಔಷಧ ವ್ಯಾಪಾರಿಗಳ ಸಂಘದಲ್ಲೋ ವಿಚಾರಿಸುತ್ತಿದ್ದರೆ ಕೋರ್ಸ್ ಯಾವಾಗ ಎಲ್ಲಿ ಎಂಬುದು ತಿಳಿಯುತ್ತದೆ. ಹಾಜರಾತಿ ಪ್ರಮಾಣಪತ್ರ ಕೈಗೆ ಬರುವ ತನಕ ಅಲ್ಲಿಂದ ಎದ್ದು ಬರಬೇಡಿ.

ಅಂಗಡಿಯಿಂದ ಹೊರಬರುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಕೆಲಸ ಬಿಡುತ್ತೇನೆ ಎಂದ ಕೂಡಲೇ ಮಾಲೀಕರ ಬಾಯಿಂದ ಬರುವ ಮಾತು ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು: "ನೀ ಹೋಗವ್ವ ತಂಗಿ, ಸರ್ಟಿಫಿಕೇಟ್ ಅಲ್ಲೇ ಗ್ವಾಡಿಗಿ ಇರ್ಲಿ ಬಿಡು. ತಿಂಗಳಾ ತಿಂಗಳಾ ನಿನ್ನ ಖಾತೆಗಿ ರೊಕ್ಕ ಹಾಕ್ತೀನಿ." ಕೇಳಲು ಹಿತವಾಗಿರುತ್ತದೆ, ಮನೆಯ ಖರ್ಚಿಗೂ ಆದೀತು ಅನಿಸುತ್ತದೆ. ದಯವಿಟ್ಟು ಒಪ್ಪಬೇಡಿ. ಅಂಗಡಿಗೆ ಬಾರದೆ ಸರ್ಟಿಫಿಕೇಟ್ ಮಾತ್ರ ಕೊಡುವುದನ್ನು ಪ್ರಾಕ್ಟೀಸ್ ರೆಗ್ಯುಲೇಷನ್ಸ್ ವೃತ್ತಿ ದುರ್ನಡತೆ ಎಂದೇ ಎಣಿಸುತ್ತದೆ. ಡಾಕ್ಟರ ಚೀಟಿಯ ಮೇಲೆ ಕೊಡುವ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರ ಖುದ್ದು ಮೇಲ್ವಿಚಾರಣೆಯಲ್ಲೇ ಕೊಡಬೇಕೆಂದು 1945ರ ನಿಯಮಗಳಲ್ಲಿನ ನಿಯಮ 65 ಹೇಳುತ್ತದೆ. ಡ್ರಗ್ ಇನ್‌ಸ್ಪೆಕ್ಟರ್ ಬಂದ ದಿನ ತಪಾಸಣಾ ವರದಿಯಲ್ಲಿ ಫಾರ್ಮಸಿಸ್ಟ್ ಗೈರುಹಾಜರು ಎಂದು ಬರೆದರೆ ಆ ಹೆಸರು ನಿಮ್ಮದು. ಅಂಥ ಅಂಗಡಿಯಲ್ಲಿ ಅಲ್ಪ್ರಜೋಲಂನಂಥ ಆತಂಕ ತಗ್ಗಿಸುವ ಗುಳಿಗೆ ಚೀಟಿಯಿಲ್ಲದೆ ಹೋಗಿದ್ದರೆ ಆ ಬಿಲ್ಲಿನ ಕೆಳಗೂ ನಿಮ್ಮ ಹೆಸರೇ. ಇದಕ್ಕಿಂತ ದೊಡ್ಡದು ಎದುರಿಗೆ ನಿಂತ ರೋಗಿಯ ವಿಷಯ. ಸೇಡಂನಿಂದಲೋ ಶಹಾಪುರದಿಂದಲೋ ಬಸ್ ಹತ್ತಿ ಬಂದ ಅಜ್ಜಿಗೆ ಎರಡು ಡಾಕ್ಟರು ಒಂದೇ ಗುಳಿಗೆಯನ್ನು ಬೇರೆ ಬೇರೆ ಕಂಪನಿ ಹೆಸರಿನಲ್ಲಿ ಬರೆದಿದ್ದರೆ, ಹಿಡಿಯಬೇಕಾದವರು ಫಾರ್ಮಸಿಸ್ಟ್. ಗೋಡೆಯ ಮೇಲಿನ ಫ್ರೇಮು ಅದನ್ನು ಹಿಡಿಯಲಾರದು.

ಹೊರಬರುವ ಕ್ರಮ ಹೀಗಿರಲಿ. ಮೊದಲು ಮಾಲೀಕರಿಗೆ ಬರವಣಿಗೆಯಲ್ಲಿ ರಾಜೀನಾಮೆ ಕೊಡಿ, ಕೊನೆಯ ಕೆಲಸದ ದಿನದ ತಾರೀಖು ಅದರಲ್ಲಿ ಸ್ಪಷ್ಟವಾಗಿರಬೇಕು. ಒಂದು ಪ್ರತಿಯ ಮೇಲೆ ಅವರ ಸಹಿ, ಅಂಗಡಿಯ ಸೀಲು ಹಾಕಿಸಿಕೊಳ್ಳಿ. ಸಹಿ ಮಾಡಲು ಒಲ್ಲೆ ಎಂದರೆ ಜಗಳ ಬೇಡ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಅದಾದ ಮೇಲೆ ಸಹಾಯಕ ಔಷಧ ನಿಯಂತ್ರಕರಿಗೆ ನೀವೇ ಪತ್ರ ಕೊಡಿ. ಅರ್ಹ ಸಿಬ್ಬಂದಿ ಬದಲಾದರೆ ಒಂದು ತಿಂಗಳೊಳಗೆ ತಿಳಿಸಬೇಕೆಂಬುದು ಫಾರಂ 20ರ ಷರತ್ತು, ಅದನ್ನು ಪಾಲಿಸಬೇಕಾದವರು ಅಂಗಡಿಯವರು. ಆದರೆ ಅವರು ತಿಳಿಸುತ್ತಾರೆಂದು ನಂಬಿ ಕೂರುವುದರಲ್ಲೇ ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಹೊಸ ಫಾರ್ಮಸಿಸ್ಟ್ ಸಿಗುವ ತನಕ ಅವರಿಗೂ ಅವಸರವಿರುವುದಿಲ್ಲ. ಪತ್ರ ಉದ್ದವಿರಬೇಕಾಗಿಲ್ಲ:

"ನಾನು ಇಂಥ ಹೆಸರಿನ ಮೆಡಿಕಲ್ ಸ್ಟೋರ್ಸ್, ಇಂಥ ವಿಳಾಸ, ಲೈಸನ್ಸ್ ಸಂಖ್ಯೆ ಇಷ್ಟು, ಇಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಆಗಿ ಕೆಲಸ ಮಾಡುತ್ತಿದ್ದೆ. ನನ್ನ ನೋಂದಣಿ ಸಂಖ್ಯೆ ಇಷ್ಟು. ಈ ತಾರೀಖಿನ ಸಂಜೆಯಿಂದ ಕೆಲಸ ಬಿಟ್ಟಿದ್ದೇನೆ. ಅಂದಿನಿಂದ ಸದರಿ ಅಂಗಡಿಯ ಮಾರಾಟಕ್ಕೆ ನನ್ನ ಮೇಲ್ವಿಚಾರಣೆ ಇರುವುದಿಲ್ಲ. ಲೈಸನ್ಸಿನಿಂದ ನನ್ನ ಹೆಸರನ್ನು ತೆಗೆದು, ಅದರ ಬಗ್ಗೆ ಹಿಂಬರಹ ಕೊಡಬೇಕಾಗಿ ವಿನಂತಿ."

ಇದರ ಜೊತೆ ರಾಜೀನಾಮೆಯ ಪ್ರತಿ, ನೋಂದಣಿ ಸರ್ಟಿಫಿಕೇಟಿನ ಜೆರಾಕ್ಸ್, ಆಧಾರ್ ಜೆರಾಕ್ಸ್ ಇಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ತಾರೀಖು ಸಮೇತ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಆ ಸೀಲಿನ ತಾರೀಖೇ ಮುಂದೆ ನಿಮ್ಮನ್ನು ಕಾಯುವುದು. ಇದೇ ಪತ್ರದ ಒಂದು ಪ್ರತಿಯನ್ನು ಬೆಂಗಳೂರಿನ ಕೌನ್ಸಿಲಿಗೂ ಕಳಿಸಿ.

ಕೊನೆಯ ದಿನ ಕೌಂಟರಿನಲ್ಲಿ ಮಾಡಬೇಕಾದ ಕೆಲಸವೂ ಇದೆ. ಶೆಡ್ಯೂಲ್ ಎಚ್1 ರಿಜಿಸ್ಟರ್, ಅಂದರೆ ಪ್ರತಿ ಮಾರಾಟವನ್ನೂ ಬರೆದಿಡಬೇಕಾದ ಔಷಧಗಳ ಪುಸ್ತಕ, ತೆಗೆಯಿರಿ. ಡಾಕ್ಟರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟಿದ್ದು, ಈ ನಾಲ್ಕೂ ಪ್ರತಿ ಸಾಲಿನಲ್ಲಿ ತುಂಬಿವೆಯೇ ನೋಡಿ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಈ ರಿಜಿಸ್ಟರನ್ನು ಮೂರು ವರ್ಷ ಇಡಬೇಕು. ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದು "ಇಲ್ಲಿಯವರೆಗಿನ ದಾಖಲೆ ನನ್ನ ಮೇಲ್ವಿಚಾರಣೆಯದು" ಎಂದು ಬರೆದು, ಸಹಿ, ನೋಂದಣಿ ಸಂಖ್ಯೆ, ತಾರೀಖು ಹಾಕಿ, ಮೊಬೈಲಿನಲ್ಲಿ ಆ ಪುಟದ ಫೋಟೋ ತೆಗೆದುಕೊಳ್ಳಿ. ಹಾಗೆ ಬರೆಯಲೇಬೇಕೆಂಬ ನಿಯಮವಿಲ್ಲ, ಆದರೆ ಮುಂದೆ ಯಾರಾದರೂ ಕೇಳಿದರೆ ಗೆರೆಯ ಮೇಲಿನದು ಯಾರದು, ಕೆಳಗಿನದು ಯಾರದು ಎಂಬುದರಲ್ಲಿ ಗೊಂದಲವಿರುವುದಿಲ್ಲ. ಬಿಲ್ ಸಾಫ್ಟ್‌ವೇರಿನಲ್ಲಿ ನಿಮ್ಮ ಹೆಸರು ಅಚ್ಚಾಗುತ್ತಿದ್ದರೆ ಅದನ್ನು ನಿಮ್ಮೆದುರೇ ತೆಗೆಸಿ, ನಿಮ್ಮ ಸಹಿಯ ರಬ್ಬರ್ ಸ್ಟಾಂಪ್ ಇದ್ದರೆ ಜೊತೆಗೆ ತನ್ನಿ. ಆಮೇಲೆ ಫ್ರೇಮ್ ಬಿಚ್ಚಿ ಮೂಲ ಸರ್ಟಿಫಿಕೇಟ್ ಕೈಗೆ ತೆಗೆದುಕೊಳ್ಳಿ.

ಹತ್ತು ವರ್ಷದ ಹಿಂದೆಯೇ ಬಿಟ್ಟು ಬಂದವರು, ಈಗ ಹೆಸರು ಎಲ್ಲೆಲ್ಲಿ ನಡೆಯುತ್ತಿದೆಯೋ ಎಂದು ದಿಗಿಲಾದವರು, ಮಾಹಿತಿ ಹಕ್ಕು ಕಾಯ್ದೆಯಲ್ಲಿ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. "ನನ್ನ ನೋಂದಣಿ ಸಂಖ್ಯೆ ಸದ್ಯ ಯಾವ ಲೈಸನ್ಸಿನಲ್ಲಿ ದಾಖಲಾಗಿದೆ" ಎಂದು ನೇರವಾಗಿ ಕೇಳಿ. ಉತ್ತರ ಬಂದ ವಾರದಲ್ಲೇ ಮೇಲಿನ ಪತ್ರ ಕೊಟ್ಟುಬಿಡಿ.

ಅಂಗಡಿಯೇ ನಿಮ್ಮದಾಗಿದ್ದರೆ

ಸ್ಟಾಕಿಸ್ಟರಿಗೆ ಮಾಲು ವಾಪಸ್ ಮಾಡಿ, ಅವಧಿ ಮೀರಿದ್ದನ್ನು ಬೇರೆಯಾಗಿಡಿ, ಉಳಿದ ದಾಸ್ತಾನಿನ ಪಟ್ಟಿ ಬರೆದು ಮೂಲ ಲೈಸನ್ಸ್ ಸಮೇತ ಸಹಾಯಕ ಔಷಧ ನಿಯಂತ್ರಕರಿಗೆ ಒಪ್ಪಿಸಿ. ಖರೀದಿ ಬಿಲ್ಲುಗಳನ್ನು ಕನಿಷ್ಠ ಮೂರು ವರ್ಷ ಮನೆಯಲ್ಲಿ ಇಡಿ. ಜಿಎಸ್‌ಟಿ ನೋಂದಣಿ ರದ್ದಾದ ಮೇಲೆ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಕೊಡಬೇಕಾಗುತ್ತದೆ, ಆಡಿಟರಿಗೆ ನೆನಪಿಸಿ. ಅಂಗಡಿಯನ್ನು ತಮ್ಮನಿಗೋ ಮಗನಿಗೋ ಕೊಟ್ಟು ಹೋಗುವುದಾದರೆ, ಹಳೆಯ ಲೈಸನ್ಸಿನ ಮೇಲೆಯೇ ನಡೆಯಲಿ ಎಂದು ಬಿಡಬೇಡಿ. ಮಾಲೀಕತ್ವ ಬದಲಾದರೆ ಹೊಸ ಲೈಸನ್ಸ್ ಬೇಕು.

ಬೇರೆ ರಾಜ್ಯಕ್ಕೆ ಹೋಗುವವರು

ಬೀದರಿನವರಿಗೆ ಹೈದರಾಬಾದ್, ಬಸವಕಲ್ಯಾಣದವರಿಗೆ ಲಾತೂರು, ಆಳಂದ-ಅಫಜಲಪುರದವರಿಗೆ ಸೊಲ್ಲಾಪುರ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆದರೆ ನೋಂದಣಿ ರಾಜ್ಯದ್ದು. ಆಯಾ ರಾಜ್ಯದಲ್ಲಿ ವಾಸವಿರುವವರು ಅಥವಾ ಅಲ್ಲಿ ಈ ವೃತ್ತಿ ಮಾಡುವವರು ಅಲ್ಲಿನ ರಿಜಿಸ್ಟರಿಗೆ ಸೇರಬೇಕು. ಜಹೀರಾಬಾದಿನ ಅಂಗಡಿಯಲ್ಲಿ ನಿಲ್ಲಲು ಕರ್ನಾಟಕದ ಸರ್ಟಿಫಿಕೇಟ್ ಸಾಲದು.

ಇಲ್ಲಿ ನಡೆಯುವುದು ವರ್ಗಾವಣೆ. ಕರ್ನಾಟಕ ಕೌನ್ಸಿಲಿಗೆ ನಿರಾಕ್ಷೇಪಣಾ ಪತ್ರಕ್ಕೆ, ಅಂದರೆ ಎನ್‌ಒಸಿಗೆ ಅರ್ಜಿ ಹಾಕಿ. ಅದಕ್ಕೂ ಮೊದಲು ನವೀಕರಣ ಬಾಕಿ ಇರಬಾರದು, ಯಾವುದೇ ಅಂಗಡಿಯ ಲೈಸನ್ಸಿನಲ್ಲಿ ಹೆಸರು ಉಳಿದಿರಬಾರದು. ಎನ್‌ಒಸಿ ಬಂದ ಮೇಲೆ ಅಲ್ಲಿನ ಕೌನ್ಸಿಲಿಗೆ ಅರ್ಜಿ. ಹೊಸ ನೋಂದಣಿ ಸಂಖ್ಯೆ ಕೈಗೆ ಬರುವ ತನಕ ಅಲ್ಲಿ ಫಾರ್ಮಸಿಸ್ಟ್ ಎಂದು ಕೆಲಸಕ್ಕೆ ಸೇರಬೇಡಿ. ಮರಳಿ ಊರಿಗೆ ಬರುವಾಗ ಇದೇ ದಾರಿಯನ್ನು ತಿರುವಿ ಹಿಡಿಯಬೇಕು. 2014ಕ್ಕೆ ಮೊದಲು ಹೈದರಾಬಾದಿನಲ್ಲಿ ನೋಂದಾಯಿಸಿದವರ ಸರ್ಟಿಫಿಕೇಟ್ ಆಂಧ್ರಪ್ರದೇಶದ ಹೆಸರಿನಲ್ಲಿರುತ್ತದೆ. ಅಂಥವರು ತಮ್ಮ ಹೆಸರು ಈಗ ತೆಲಂಗಾಣದ ರಿಜಿಸ್ಟರಿನಲ್ಲಿ ಇದೆಯೇ ಎಂದು ಮೊದಲು ಖಚಿತಪಡಿಸಿಕೊಂಡು ಆಮೇಲೆ ಎನ್‌ಒಸಿ ಕೇಳಿ.

ನವೀಕರಣ ತಪ್ಪಿ ಹೋದ ಹೆಸರನ್ನು ಮರಳಿ ಸೇರಿಸುವುದು

ಹೆಚ್ಚಿನವರ ಪರಿಸ್ಥಿತಿ ಇದೇ. ಗಾಬರಿ ಬೇಡ. ಇದು ಶಿಕ್ಷೆಯಲ್ಲ, ಬಾಕಿ ಅಷ್ಟೆ. ನಿಮ್ಮ ವಿದ್ಯಾರ್ಹತೆ ಎಲ್ಲಿಗೂ ಹೋಗಿಲ್ಲ, ಮತ್ತೆ ಪರೀಕ್ಷೆ ಬರೆಯಬೇಕಾಗಿಲ್ಲ.

ರೈಲು ಹತ್ತುವ ಮುನ್ನ ಕಾಗದ ಹೊಂದಿಸಿ. ರಾತ್ರಿಯೆಲ್ಲ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತು ಬೆಂಗಳೂರಿಗೆ ಹೋಗಿ, ಒಂದು ಅಂಕಪಟ್ಟಿಯ ಮೂಲ ಪ್ರತಿ ಇಲ್ಲವೆಂದು ಬರಿಗೈಯಲ್ಲಿ ಮರಳುವುದು ಯಾರಿಗೂ ಬೇಡ. ಮೊದಲು ಕೌನ್ಸಿಲಿನ ಜಾಲತಾಣ ನೋಡಿ: ಅಂದಿನ ಶುಲ್ಕ ಎಷ್ಟು, ಯಾವ ಅರ್ಜಿ, ಯಾವುದನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಮುಗಿಸಬಹುದು ಎಂಬುದು ಅಲ್ಲಿ ಇರುತ್ತದೆ. ಜೊತೆಗೆ ಇವಿಷ್ಟನ್ನು ಒಂದು ಫೈಲಿಗೆ ಹಾಕಿ: ಮೂಲ ನೋಂದಣಿ ಸರ್ಟಿಫಿಕೇಟ್, ಕೊನೆಯ ನವೀಕರಣದ ರಸೀದಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿ.ಫಾರ್ಮಾ ಅಥವಾ ಬಿ.ಫಾರ್ಮಾ ಅಂಕಪಟ್ಟಿ ಮತ್ತು ಪ್ರಮಾಣಪತ್ರ, ಆಧಾರ್, ಫೋಟೋ, ರಿಫ್ರೆಶರ್ ಕೋರ್ಸಿನ ಪ್ರಮಾಣಪತ್ರಗಳು, ಮತ್ತು ಹಳೆಯ ಅಂಗಡಿ ಬಿಟ್ಟಿದ್ದಕ್ಕೆ ಸೀಲು ಬಿದ್ದ ಆ ಪತ್ರ.

ಹೆಸರು, ವಿಳಾಸದ ತೊಡಕು ನಮ್ಮ ಭಾಗದಲ್ಲಿ ಹೆಚ್ಚು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009-10ರಲ್ಲಿ. ಅದಕ್ಕೂ ಹಿಂದಿನ ಸರ್ಟಿಫಿಕೇಟಿನಲ್ಲಿ ಸುರಪುರದವರಿಗೂ ಗುಲ್ಬರ್ಗಾ ಜಿಲ್ಲೆ ಎಂದೇ ಇರುತ್ತದೆ. ಗುಲ್ಬರ್ಗಾ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಇದರಿಂದ ನೋಂದಣಿಗೆ ಕುಂದಿಲ್ಲ, ಆದರೆ ಈಗಿನ ವಿಳಾಸವನ್ನು ರಿಜಿಸ್ಟರಿನಲ್ಲಿ ಬದಲಿಸಲು ಇದೇ ಅರ್ಜಿಯೊಂದಿಗೆ ಕೋರಿಕೊಳ್ಳಿ. ಕೌನ್ಸಿಲಿನ ನೋಟಿಸು ಬರುವುದು ರಿಜಿಸ್ಟರಿನಲ್ಲಿರುವ ವಿಳಾಸಕ್ಕೆ. ತವರಿನ ಹಳ್ಳಿಗೆ ಹೋದ ಲಕೋಟೆ ನಿಮ್ಮ ಕೈಸೇರದೆ ಉಳಿದರೆ ಉತ್ತರಿಸುವ ಅವಕಾಶವೇ ತಪ್ಪಿಹೋಗುತ್ತದೆ. ಮದುವೆಯ ನಂತರ ಹೆಸರು ಬದಲಾಗಿದ್ದರೆ, ಅಂಕಪಟ್ಟಿಗೂ ಆಧಾರಿಗೂ ಇನಿಶಿಯಲ್ ಹೊಂದದಿದ್ದರೆ, ನೋಟರಿ ಅಫಿಡವಿಟ್ ಮೊದಲೇ ಮಾಡಿಸಿಡಿ.

ಸರ್ಟಿಫಿಕೇಟ್ ಕಳೆದುಹೋಗಿದ್ದರೆ ಸೆಕ್ಷನ್ 39ರಡಿ ನಕಲು ಪ್ರತಿ ಸಿಗುತ್ತದೆ. ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ದೂರು ದಾಖಲಿಸಿ ಆ ಸ್ವೀಕೃತಿ ಜೋಡಿಸಿ. ಆದರೆ ಹಳೆಯ ಅಂಗಡಿಯವರು ಕೊಡುತ್ತಿಲ್ಲ ಎಂಬುದು ಕಳೆದುಹೋದ ಹಾಗಲ್ಲ. ಅಂಥಲ್ಲಿ ಕಳೆದಿದೆ ಎಂದು ಸುಳ್ಳು ದೂರು ಕೊಡಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆದು ಔಷಧ ನಿಯಂತ್ರಕರಿಗೂ ಕೌನ್ಸಿಲಿಗೂ ತಿಳಿಸಿ.

ಇಷ್ಟಾದ ಮೇಲೆ ಬಾಕಿ ಶುಲ್ಕ, ಮರುಸೇರ್ಪಡೆ ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಿ. ನಡುವಿನ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂಬುದನ್ನು ಎರಡು ಸಾಲಿನಲ್ಲಿ ನಿಜವಾಗಿ ಬರೆಯಿರಿ. ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಮನೆಯಲ್ಲಿದ್ದೆ, ಗಲ್ಫಿನಲ್ಲಿದ್ದೆ, ಏನಿದ್ದರೂ ಸರಿ. ಮರುಸೇರ್ಪಡೆಯ ಆದೇಶ ಅಥವಾ ರಸೀದಿ ಬರುವ ತನಕ ಕೌಂಟರಿಗೆ ಹೋಗಬೇಡಿ. ನೋಂದಣಿ ಇಲ್ಲದೆ ಡಾಕ್ಟರ ಚೀಟಿಯ ಔಷಧ ಕೊಡುವುದು ಸೆಕ್ಷನ್ 42ರಡಿ ಅಪರಾಧ, ಒಂದು ಕಾಲದಲ್ಲಿ ನೋಂದಣಿ ಇತ್ತು ಎಂಬ ಸಮರ್ಥನೆ ನಿಲ್ಲುವುದಿಲ್ಲ.

ಆದೇಶದಿಂದ ಹೆಸರು ತೆಗೆದಿದ್ದರೆ

ಇದು ಬೇರೆಯೇ ದಾರಿ, ಇಲ್ಲಿ ತಾರೀಖುಗಳ ಲೆಕ್ಕ ತಪ್ಪಬಾರದು. ನೋಂದಣಿ ತಪ್ಪು ಮಾಹಿತಿಯಿಂದ ಪಡೆದದ್ದೆಂದು ಕಂಡರೆ, ಅಪರಾಧ ಸಾಬೀತಾಗಿ ಶಿಕ್ಷೆಯಾಗಿದ್ದರೆ, ವೃತ್ತಿಯಲ್ಲಿ ಘೋರ ದುರ್ನಡತೆ ತೋರಿದ್ದರೆ, ಕೌನ್ಸಿಲಿನ ಕಾರ್ಯಕಾರಿ ಸಮಿತಿ ಸೆಕ್ಷನ್ 36ರಡಿ ಹೆಸರು ತೆಗೆಯಲು ಆದೇಶ ಮಾಡಬಹುದು. ಅದಕ್ಕೂ ಮೊದಲು ನಿಮ್ಮ ಮಾತು ಕೇಳಲೇಬೇಕು. ನೋಟಿಸು ಬಂದಾಗ ಸುಮ್ಮನಿರುವುದು ಅತ್ಯಂತ ದುಬಾರಿ ತಪ್ಪು. ದೂರಿನ ಪ್ರತಿ, ತಪಾಸಣಾ ವರದಿಯ ಪ್ರತಿ ಕೇಳಿ ಪಡೆದು, ಪ್ರತಿ ಆರೋಪಕ್ಕೂ ಬೇರೆ ಬೇರೆಯಾಗಿ, ದಾಖಲೆಯೊಂದಿಗೆ ಉತ್ತರ ಬರೆಯಿರಿ. ಸರ್ಟಿಫಿಕೇಟ್ ದುರ್ಬಳಕೆಯ ಆರೋಪವಾಗಿದ್ದರೆ ಸೀಲು ಬಿದ್ದ ಆ ಪತ್ರ ಇಲ್ಲಿ ನಿಮ್ಮ ನೆರವಿಗೆ ಬರುತ್ತದೆ.

ಸಮಿತಿಯ ಆದೇಶವನ್ನು ಕೌನ್ಸಿಲ್ ದೃಢೀಕರಿಸಬೇಕು. ದೃಢೀಕರಿಸಿದ ದಿನದಿಂದ ಮೂರು ತಿಂಗಳು ಕಳೆಯುವ ತನಕ ಆದೇಶ ಜಾರಿಗೆ ಬರುವುದಿಲ್ಲ. ಇದನ್ನು ನೋಡಿ ಮೇಲ್ಮನವಿಗೂ ಮೂರು ತಿಂಗಳಿದೆ ಎಂದುಕೊಳ್ಳಬೇಡಿ. ದೃಢೀಕರಣ ನಿಮಗೆ ತಿಳಿಸಿದ ದಿನದಿಂದ ಮೂವತ್ತು ದಿನದೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಹೋಗಬೇಕು, ಅಲ್ಲಿನ ತೀರ್ಮಾನ ಅಂತಿಮ. ಹಾಗಾಗಿ ಲಕೋಟೆ ಬಂದ ದಿನವೇ ಅದರ ಮೇಲೆ ತಾರೀಖು ಬರೆದಿಡಿ. ಸೆಕ್ಷನ್ 38 ಇಂಥ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸದಂತೆ ತಡೆಯುತ್ತದೆ. ಸಂವಿಧಾನ ಕೊಟ್ಟ ಹೈಕೋರ್ಟಿನ ರಿಟ್ ಅಧಿಕಾರವನ್ನು ಮಾತ್ರ ಕಾಯ್ದೆಯ ಸೆಕ್ಷನ್ನೊಂದು ಕಸಿಯಲಾರದು. ನಿಮ್ಮ ಮಾತೇ ಕೇಳದೆ ಆದೇಶ ಮಾಡಿದ್ದರೆ ಕಲಬುರಗಿ ಪೀಠದ ವಕೀಲರೊಬ್ಬರಿಗೆ ಕಾಗದ ತೋರಿಸಿ ಸಲಹೆ ಕೇಳಿ.

ಹೆಸರು ತೆಗೆದ ಮೇಲೆ ಸರ್ಟಿಫಿಕೇಟನ್ನು ಕೂಡಲೇ ರಿಜಿಸ್ಟ್ರಾರರಿಗೆ ಒಪ್ಪಿಸಬೇಕು, ಇಟ್ಟುಕೊಂಡರೆ ಅದೇ ಇನ್ನೊಂದು ಅಪರಾಧ. ಒಪ್ಪಿಸಿದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಶಾಶ್ವತವಾಗಿಯೋ ಇಂತಿಷ್ಟು ವರ್ಷವೋ ಎಂಬುದು ಆದೇಶದಲ್ಲೇ ಇರುತ್ತದೆ, ಸರಿಯಾಗಿ ಓದಿ.

ಮರಳುವ ಬಾಗಿಲು ಸೆಕ್ಷನ್ 37. ಸಾಕಷ್ಟು ಕಾರಣ ಕಂಡರೆ ಕೌನ್ಸಿಲ್ ಯಾವಾಗ ಬೇಕಾದರೂ ಶುಲ್ಕ ಕಟ್ಟಿಸಿಕೊಂಡು ಹೆಸರು ಮರಳಿ ಸೇರಿಸಬಹುದು. ಮೇಲ್ಮನವಿ ಹಾಕಿ ಸರ್ಕಾರ ಅದನ್ನು ತಿರಸ್ಕರಿಸಿದ್ದರೆ ಮಾತ್ರ, ಸೇರಿಸುವ ಆದೇಶಕ್ಕೂ ಸರ್ಕಾರದ ದೃಢೀಕರಣ ಬೇಕು. ಅರ್ಜಿಯಲ್ಲಿ ಬರೀ ಕಷ್ಟ ತೋಡಿಕೊಳ್ಳಬೇಡಿ. ಶಿಕ್ಷೆಯಾಗಿದ್ದರೆ ತೀರ್ಪಿನ ಪ್ರತಿ, ದಂಡ ಕಟ್ಟಿದ ರಸೀದಿ, ಮೇಲಿನ ಕೋರ್ಟಿನಲ್ಲಿ ಬಿಡುಗಡೆಯಾಗಿದ್ದರೆ ಅದರ ಪ್ರತಿ ಇಡಿ. ಈ ನಡುವೆ ಹಾಜರಾದ ಕೋರ್ಸುಗಳ ಪ್ರಮಾಣಪತ್ರ, ಮಾಡುತ್ತಿದ್ದ ಬೇರೆ ಕೆಲಸದ ದಾಖಲೆ ಇದ್ದರೆ ಅವೂ ಇರಲಿ. ಮುಂದೆ ಯಾವ ಅಂಗಡಿಯಲ್ಲಿ, ಯಾವ ವೇಳೆಯಲ್ಲಿ ಖುದ್ದಾಗಿ ನಿಲ್ಲುತ್ತೀರಿ ಎಂಬುದನ್ನೂ ಬರೆಯಿರಿ.

ಮರಳಿ ಕೌಂಟರಿಗೆ

ಹೊಸ ಅಂಗಡಿಗೆ ಸೇರುವ ಮುನ್ನ ಅದರ ಲೈಸನ್ಸ್, ಹಿಂದಿನ ತಪಾಸಣಾ ವರದಿ ಕೇಳಿ ನೋಡಿ. ನೇಮಕಾತಿ ಪತ್ರದಲ್ಲಿ ಕೆಲಸದ ವೇಳೆ ಬರೆಸಿ. ಅಂಗಡಿ ಬೆಳಿಗ್ಗೆ ಎಂಟರಿಂದ ರಾತ್ರಿ ಹನ್ನೊಂದರವರೆಗೆ ತೆರೆದಿರುತ್ತದೆ, ನೀವು ಸಂಜೆ ಆರಕ್ಕೆ ಹೋಗುತ್ತೀರಿ ಎಂದಾದರೆ ಉಳಿದ ವೇಳೆಗೆ ಇನ್ನೊಬ್ಬ ಫಾರ್ಮಸಿಸ್ಟ್ ಯಾರು ಎಂದು ಸೇರುವ ಮೊದಲೇ ಕೇಳಿ. ನಿಮ್ಮ ಹೆಸರು ಲೈಸನ್ಸಿಗೆ ಸೇರಿದ ಹಿಂಬರಹದ ಪ್ರತಿ ಪಡೆಯಿರಿ. ಬಿಳಿ ಕೋಟಿನ ಮೇಲೆ ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜ್ ಇರಬೇಕೆಂದು ಪ್ರಾಕ್ಟೀಸ್ ರೆಗ್ಯುಲೇಷನ್ಸಿನಲ್ಲಿದೆ, ಮೊದಲ ದಿನದಿಂದಲೇ ಹಾಕಿಕೊಳ್ಳಿ.

ಬಿಡುವು ಐದು ವರ್ಷಕ್ಕೂ ಮೀರಿದ್ದರೆ ಮೊದಲ ಎರಡು ವಾರ ಅನುಭವಿ ಫಾರ್ಮಸಿಸ್ಟ್ ಒಬ್ಬರ ಪಕ್ಕದಲ್ಲಿ ನಿಲ್ಲುವುದು ಒಳ್ಳೆಯದು. ಸಕ್ಕರೆ ಕಾಯಿಲೆಯ ಗುಳಿಗೆಗಳ ಜೋಡಿಗಳು, ಇನ್‌ಹೇಲರುಗಳು, ನಿಷೇಧವಾದ ಮಿಶ್ರಣಗಳು ಈ ನಡುವೆ ಬಹಳ ಬದಲಾಗಿವೆ. ಎಚ್1 ಪಟ್ಟಿಯನ್ನು ಅಚ್ಚುಹಾಕಿಸಿ ಕೌಂಟರಿನ ಒಳಬದಿಗೆ ಅಂಟಿಸಿ. ಡಾಕ್ಟರ ಕೈಬರಹ ಅನುಮಾನ ಬಂದರೆ ಫೋನ್ ಮಾಡಿ ಕೇಳಿ, ಸಾಲಿನಲ್ಲಿ ನಿಂತವರು ಎಷ್ಟೇ ಅವಸರ ಮಾಡಲಿ.